ಎಂಟನೇ ಕ್ಲಾಸಿಗೆ ಸೇರಿದವರು

ಕೋಲಾರ ಜಿಲ್ಲೆಯ ಯಾವ ಹೈಸ್ಕೂಲಿನ ಹಾಜರಿ ಪುಸ್ತಕ ತೆರೆದರೂ ಒಂದಿಬ್ಬರು ನಾರಾಯಣಸ್ವಾಮಿ, ಒಂದಿಬ್ಬರು ವೆಂಕಟೇಶಪ್ಪ, ಒಬ್ಬ ಮುನಿಯಪ್ಪ, ಒಬ್ಬಳು ಮುನಿರತ್ನಮ್ಮ ಸಿಕ್ಕೇ ಸಿಗುತ್ತಾರೆ. ತಿರುಪತಿ ತಿಮ್ಮಪ್ಪ ನಮಗೆ ಹತ್ತಿರದ ದೇವರು. ಮನೆಗೊಬ್ಬ ವೆಂಕಟ ಇರುವುದು ನಮ್ಮ ಕಡೆ ಸಹಜ. ಹಾಗಾಗಿ ಮೇಷ್ಟ್ರು ಇನಿಷಿಯಲ್ ಸೇರಿಸಿ ಹಾಜರಿ ಕೂಗುತ್ತಿದ್ದರು. ನಾವು ಮಾತ್ರ ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ಟೇಕಲ್, ಲಕ್ಕೂರು, ನಂಗಲಿ, ಬೈರಕೂರು, ದಳಸನೂರು, ರೋಣೂರು ಇವೆಲ್ಲ ನಕ್ಷೆಯ ಮೇಲಿನ ಊರುಗಳಾಗುವುದಕ್ಕೆ ಮೊದಲೇ ನನಗೆ ಪಕ್ಕದ ಬೆಂಚಿನ ಹುಡುಗರಾಗಿದ್ದವು. ಈಗಲೂ ಬಸ್ಸಿನ ಬೋರ್ಡಿನಲ್ಲಿ ನಂಗಲಿ ಎಂದು ಓದಿದರೆ ಎಣ್ಣೆ ಹಚ್ಚಿ ಒಂದು ಪಕ್ಕಕ್ಕೆ ಬಾಚಿದ ತಲೆಯೊಂದು ಕಣ್ಣೆದುರು ಬರುತ್ತದೆ.

ನನ್ನ ಹೈಸ್ಕೂಲು ಮೂರು ಊರುಗಳಲ್ಲಿ ಹಂಚಿಹೋಗಿದೆ. ಅಪ್ಪ ರೇಷ್ಮೆ ಇಲಾಖೆಯಲ್ಲಿದ್ದರು. ವರ್ಗದ ಆರ್ಡರು ಬಂದಾಗಲೆಲ್ಲ ಟ್ರಂಕು, ಒರಳುಕಲ್ಲು, ಅಜ್ಜಿಯ ಮಂಚ ಎಲ್ಲವನ್ನೂ ಲಾರಿಗೆ ಹೇರಿ ಹೊರಡುವುದು ನಮ್ಮ ಮನೆಗೆ ರೂಢಿಯಾಗಿತ್ತು. 1981ರಲ್ಲಿ ಮಾಲೂರಿನಲ್ಲಿ ಎಂಟನೇ ಕ್ಲಾಸಿಗೆ ಸೇರಿದೆ. ಒಂಬತ್ತು ಮುಳಬಾಗಿಲಿನಲ್ಲಿ, ಹತ್ತು ಶ್ರೀನಿವಾಸಪುರದಲ್ಲಿ, ಆಮೇಲೆ ಪಿಯುಸಿಗೆ ಕೋಲಾರ. ಒಂದೇ ಜಿಲ್ಲೆಯ ತಾಲ್ಲೂಕುಗಳಾದರೂ ಪ್ರತಿಯೊಂದರ ಗಾಳಿಯೂ ಬೇರೆ.

ಮಾಲೂರು ಆಗ ಹೆಂಚಿನ ಊರು. ಸುತ್ತ ಇಟ್ಟಿಗೆ ಗೂಡುಗಳು, ಹೆಂಚಿನ ಕಾರ್ಖಾನೆಗಳ ಚಿಮಣಿಗಳು. ಗೂಡಿಗೆ ಬೆಂಕಿ ಇಟ್ಟ ದಿನ ಕ್ಲಾಸಿನೊಳಗೂ ಹೊಗೆಯ ವಾಸನೆ ಬರುತ್ತಿತ್ತು. ಬೆಳಿಗ್ಗೆ ಮಾರಿಕುಪ್ಪಂ ಕಡೆಯಿಂದ ಬೆಂಗಳೂರಿಗೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಟೇಕಲ್ ಹುಡುಗರು ಬಂದಿಳಿಯುತ್ತಿದ್ದರು. ಗಾಡಿ ತಡವಾದರೆ ಮೊದಲನೇ ಪೀರಿಯಡ್ಡಿಗೆ ಅವರ ಬೆಂಚು ಖಾಲಿ. ಮಾಸ್ತಿ ಊರಿನಿಂದ ಬರುತ್ತಿದ್ದ ಹುಡುಗನಿಗೆ ಕನ್ನಡ ಪೀರಿಯಡ್ಡಿನಲ್ಲಿ ಒಂದು ವಿಶೇಷ ಮರ್ಯಾದೆ ಇತ್ತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮಾತು ಬಂದಾಗಲೆಲ್ಲ ಮೇಷ್ಟ್ರು ಅವನನ್ನು ಎದ್ದು ನಿಲ್ಲಿಸಿ, "ಇವನ ಊರಿನವರಪ್ಪಾ ಅವರು" ಅನ್ನುತ್ತಿದ್ದರು. ಮನೆಯಲ್ಲಿ ತಮಿಳು ಆಡುತ್ತಿದ್ದ ಮಾಸ್ತಿಯವರು ಕನ್ನಡದ ದೊಡ್ಡ ಕಥೆಗಾರರಾದರು ಎನ್ನುವುದು ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಬರೆಯುತ್ತಿದ್ದ ನಮ್ಮಂಥವರಿಗೆ ಧೈರ್ಯ ಕೊಡುವ ಸಂಗತಿ. 'ಚಿಕವೀರ ರಾಜೇಂದ್ರ' ಕಾದಂಬರಿಗೆ 1983ರ ಜ್ಞಾನಪೀಠ ಬಂದಾಗ ನಾನು ಮಾಲೂರು ಬಿಟ್ಟಾಗಿತ್ತು. ಆ ಹುಡುಗನನ್ನು ಮೇಷ್ಟ್ರು ಎಷ್ಟು ಹೊತ್ತು ನಿಲ್ಲಿಸಿರಬಹುದು ಎಂದು ಶ್ರೀನಿವಾಸಪುರದಲ್ಲಿ ಕುಳಿತು ಯೋಚಿಸಿದ್ದೆ.

ಮುಳಬಾಗಿಲಿಗೆ ರೈಲಿಲ್ಲ, ಮದ್ರಾಸಿಗೆ ಹೋಗುವ ಹೆದ್ದಾರಿಯೇ ಅದರ ಬಾಗಿಲು. ರಾತ್ರಿಯಿಡೀ ಲಾರಿಗಳ ಸದ್ದು. ನಂಗಲಿ ದಾಟಿದರೆ ಆಂಧ್ರ. ಶಾಲೆಯ ಅಂಗಳದಲ್ಲಿ "ಏಮಿರಾ, ಬಾಗುಂಡಾವಾ" ಎಂದು ಮಾತಾಡುತ್ತಾ ಬಂದವರು ಬೆಲ್ಲು ಹೊಡೆದ ಕೂಡಲೇ ಕನ್ನಡಕ್ಕೆ ಹೊರಳುತ್ತಿದ್ದರು. 1982ರಲ್ಲಿ ಗೋಕಾಕ್ ವರದಿಗಾಗಿ ನಾಡೆಲ್ಲ ಎದ್ದಾಗ ನಮ್ಮ ಶಾಲೆಯ ಮೆರವಣಿಗೆಯಲ್ಲಿ ಎಲ್ಲರಿಗಿಂತ ಜೋರಾಗಿ ಕನ್ನಡದ ಘೋಷಣೆ ಕೂಗಿದವನು ನಂಗಲಿಯವನು. ಅವನ ಮನೆಯಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಇದರಲ್ಲಿ ವಿರೋಧವಿದೆ ಎಂದು ಅವನಿಗಾಗಲಿ ನಮಗಾಗಲಿ ಅನ್ನಿಸಲೇ ಇಲ್ಲ. ಗಡಿಯ ಮಕ್ಕಳಿಗೆ ಎರಡು ಭಾಷೆ ಎಂದರೆ ಎರಡು ಕಾಲು.

ಶ್ರೀನಿವಾಸಪುರ ಮಾವು. ಮೇ ತಿಂಗಳಿಂದ ಜುಲೈವರೆಗೆ ಊರಿಗೆ ಊರೇ ಮಂಡಿಯಾಗುತ್ತಿತ್ತು. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಹಾದು ಚಿಕ್ಕಬಳ್ಳಾಪುರಕ್ಕೆ ಹೋಗುವ ಚಿಕ್ಕ ಹಳಿಯ ರೈಲು ಆಗಿನ್ನೂ ಓಡುತ್ತಿತ್ತು. ದಳಸನೂರಿನ ಹುಡುಗರು ಆ ಗಾಡಿಯ ಜೊತೆಯಲ್ಲಿ ಓಡಿ ಹತ್ತುವುದನ್ನು ದೊಡ್ಡ ವಿದ್ಯೆ ಎಂದು ತಿಳಿದಿದ್ದರು. ಆ ಹಳಿಯನ್ನು ಆಮೇಲೆ ಕಿತ್ತು ಬ್ರಾಡ್‌ಗೇಜ್ ಮಾಡಿದರು; ಚಿಕ್ಕಬಳ್ಳಾಪುರದವರೆಗೆ ಗಾಡಿ ಮತ್ತೆ ಓಡಿದ್ದು 2013ರಲ್ಲಿ.

ಮೂರೂ ಕಡೆ ಒಂದೇ ಆಗಿದ್ದದ್ದು ರಜೆಯ ಕಾರಣ. "ಹುಳ ಹಣ್ಣಾಗಿದೆ ಸಾರ್" ಎಂದರೆ ಸಾಕು, ಯಾವ ಮೇಷ್ಟ್ರೂ ಮರುಮಾತಾಡುತ್ತಿರಲಿಲ್ಲ. ರೇಷ್ಮೆಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಮೇಲೆ, ಅದಕ್ಕೆ ಹಗಲು ರಾತ್ರಿ ಸೊಪ್ಪು ಕೊಡಬೇಕು. ಒಂದು ವಾರದಲ್ಲಿ ಹುಳು ಮೇವು ಬಿಟ್ಟು ಹಳದಿಗೆ ತಿರುಗಿ ಹಣ್ಣಾಗುತ್ತದೆ. ಆಗ ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಆ ಹೊತ್ತು ತಪ್ಪಿದರೆ ತಿಂಗಳ ಶ್ರಮವೆಲ್ಲ ಮಣ್ಣು. ಅದಕ್ಕೆ ಮನೆಯ ಅಷ್ಟೂ ಕೈ ಬೇಕು, ಎಂಟನೇ ಕ್ಲಾಸಿನ ಕೈಯೂ ಬೇಕು. ನಮ್ಮಪ್ಪ ಹಳ್ಳಿ ಹಳ್ಳಿ ಸುತ್ತಿ ಹುಳುಮನೆ ನೋಡಿ ಬರುತ್ತಿದ್ದವರು. ಸಂಜೆ ಊಟಕ್ಕೆ ಕುಳಿತಾಗ, "ನಿಮ್ಮ ಕ್ಲಾಸಿನ ಹುಡುಗ ಒಬ್ಬನೇ ಅಷ್ಟೂ ತಟ್ಟೆಗೆ ಸೊಪ್ಪು ಹಾಕ್ತಿದ್ದ. ಗಟ್ಟಿಗ" ಎಂದು ಹೇಳುತ್ತಿದ್ದರು. ಅಂಥ ಗಟ್ಟಿಗರು ಬೆಳೆ ಇಳಿದ ಮೇಲೆ ಶಾಲೆಗೆ ಬಂದಾಗ ಬೀಜಗಣಿತ ಎರಡು ಪಾಠ ಮುಂದೆ ಹೋಗಿರುತ್ತಿತ್ತು. ಕೆಲವರು ಅದನ್ನು ಹಿಡಿದುಕೊಂಡರು. ಕೆಲವರು ಮುಂದಿನ ಬೆಳೆಗೆ ಹೋದವರು ಮತ್ತೆ ಬರಲಿಲ್ಲ.

ಈಚೆಗೆ ನಮ್ಮ ಜಿಲ್ಲೆಯಲ್ಲಿ ಗುರುವಂದನೆ, ಸ್ನೇಹ ಸಮ್ಮಿಲನ ಇಲ್ಲದ ಭಾನುವಾರವಿಲ್ಲ. ಇಪ್ಪತ್ತೈದು ವರ್ಷ ತುಂಬಿದ ಬ್ಯಾಚು, ನಲವತ್ತು ತುಂಬಿದ ಬ್ಯಾಚು, ಎಲ್ಲರೂ ಸೇರುತ್ತಾರೆ. ಗೇಟಿಗೆ ಫ್ಲೆಕ್ಸು, ಮೇಷ್ಟ್ರಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ, ಮಧ್ಯಾಹ್ನಕ್ಕೆ ಒಬ್ಬಟ್ಟಿನ ಊಟ. ನನಗೆ ಇದು ಬಹಳ ಇಷ್ಟವಾದ ಸಂಗತಿ. ಐವತ್ತು ದಾಟಿದ ಹೆಂಗಸರು ಗಂಡಸರು ಒಬ್ಬರನ್ನೊಬ್ಬರು ಹೋಗೇ ಬಾರೇ, ಹೋಗೋ ಬಾರೋ ಎಂದು ಕೂಗಿ ಕರೆಯುವ ಜಾಗ ನಮ್ಮ ಸಮಾಜದಲ್ಲಿ ಬೇರೆ ಇಲ್ಲ. ಆದರೆ ಈ ಸಭೆಗಳಿಗೆ ಜನ ಸೇರುವ ರೀತಿ ನೋಡಿ. ಹತ್ತು ಜನರ ವಾಟ್ಸಾಪ್ ಗುಂಪು ಶುರುವಾಗುತ್ತದೆ. ಆ ಹತ್ತು ಜನ ತಮ್ಮಲ್ಲಿರುವ ನಂಬರುಗಳನ್ನು ಸೇರಿಸುತ್ತಾರೆ. ನಂಬರು ಇರುವುದು ಯಾರದ್ದು? ಜೊತೆಯಲ್ಲಿ ಪಾಸಾದವರದ್ದು, ಕೆಲಸಕ್ಕೆ ಸೇರಿದವರದ್ದು, ಬೆಂಗಳೂರಿನಲ್ಲಿ ಮನೆ ಕಟ್ಟಿ ಗೃಹಪ್ರವೇಶಕ್ಕೆ ಕರೆದವರದ್ದು. ಹೀಗೆ ಬೆಳೆದ ಗುಂಪು ಎಷ್ಟೇ ದೊಡ್ಡದಾದರೂ ದಡ ಮುಟ್ಟಿದವರದ್ದೇ ಆಗಿರುತ್ತದೆ. ಗುಂಪಿಗೆ 'ನಮ್ಮ ಕ್ಲಾಸು' ಎಂದು ಹೆಸರಿಡುತ್ತೇವೆ. ಅದು ನಮ್ಮ ಕ್ಲಾಸಿನ ಅರ್ಧ.

ಇದನ್ನು ನನಗೆ ಕಲಿಸಿದವನು ಲಕ್ಕೂರಿನವನು. ಅವನು ಹೈಸ್ಕೂಲು ಮೇಷ್ಟ್ರಾಗಿ, ಹಲವು ಊರು ತಿರುಗಿ, ಕೊನೆಗೆ ವರ್ಗದಲ್ಲಿ ಮಾಲೂರಿಗೇ ಬಂದಿದ್ದ. ಒಂದು ಸಂಜೆ ಗುರುತಿಲ್ಲದ ನಂಬರಿನಿಂದ ಫೋನು ಬಂತು.

"ಲೇ, ನೀನು ರೇಷ್ಮೆ ಸಾರ್ ಮಗ ಅಲ್ವೇನೋ? ಎಂಟನೇ ಕ್ಲಾಸಲ್ಲಿ ನಿನ್ನ ಹೆಸರೈತೆ, ಒಂಬತ್ತರಲ್ಲಿ ಇಲ್ಲ. ಎಲ್ಲಿಗೆ ಹೋದೆ?"

ನಾನು ಆ ಶಾಲೆಯಿಂದ ಎಸ್ಸೆಸ್ಸೆಲ್ಸಿ ಬರೆದವನಲ್ಲ. ಅವರ ಬ್ಯಾಚಿನ ಫೋಟೋದಲ್ಲಿ ನಾನಿಲ್ಲ. ಯಾವ ನಂಬರಿನ ಸರಪಳಿ ಹಿಡಿದರೂ ಅವರಿಗೆ ನಾನು ಸಿಗುತ್ತಿರಲಿಲ್ಲ. ಲಕ್ಕೂರಿನವನು ಫೋನಿನಿಂದ ಶುರುಮಾಡಲಿಲ್ಲ, ದಾಖಲಾತಿ ಪುಸ್ತಕದಿಂದ ಶುರುಮಾಡಿದ. ಹಾಜರಿ ಪುಸ್ತಕಗಳನ್ನು ಕೆಲವು ವರ್ಷಗಳ ಮೇಲೆ ಶಾಲೆಗಳು ಇಟ್ಟುಕೊಳ್ಳುವುದಿಲ್ಲ. ಆದರೆ ಯಾರು ಯಾವತ್ತು ಸೇರಿದರು, ಯಾವತ್ತು ಬಿಟ್ಟರು, ಯಾಕೆ ಬಿಟ್ಟರು ಎಂದು ಬರೆದಿಡುವ ದಾಖಲಾತಿ ಪುಸ್ತಕ ಶಾಶ್ವತವಾಗಿ ಉಳಿಯಬೇಕಾದದ್ದು. ರಟ್ಟು ಕಟ್ಟಿದ, ಉದ್ದನೆಯ, ಒಬ್ಬರೇ ಎತ್ತಲಾಗದ ಪುಸ್ತಕ ಅದು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು 1981ರಲ್ಲಿ ಎಂಟನೇ ಕ್ಲಾಸಿಗೆ ಸೇರಿದ ಅಷ್ಟೂ ಮಕ್ಕಳ ಹೆಸರನ್ನು ಅವನು ಕೈಯಲ್ಲಿ ಬರೆದುಕೊಂಡ. ನನ್ನ ಹೆಸರಿನ ಮುಂದೆ 'ತಂದೆಯ ವರ್ಗಾವಣೆ' ಎಂದು ಇತ್ತಂತೆ. ಅಪ್ಪನ ಇಲಾಖೆಯ ನಿವೃತ್ತ ನೌಕರರನ್ನು ಕೇಳುತ್ತಾ ಹೋಗಿ ನನ್ನ ನಂಬರು ಹಿಡಿದ. ಇನ್ನು ಕೆಲವು ಹೆಸರುಗಳ ಮುಂದೆ ಇದ್ದದ್ದು 'ಸತತ ಗೈರುಹಾಜರಿ'. ಆ ಎರಡು ಪದದ ಹಿಂದೆ ಏನಿತ್ತು ಎಂದು ತಿಳಿಯಲು ಅವನು ತಿಂಗಳುಗಟ್ಟಲೆ ಸ್ಕೂಟರಿನಲ್ಲಿ ಊರೂರು ಅಲೆದ.

ಮಾಲೂರಿನಲ್ಲಿ ನಾವೆಲ್ಲ ಸೇರಿದ ದಿನ ಅವನು ಪ್ರಾರ್ಥನೆ, ಸ್ವಾಗತ ಭಾಷಣ ಎಲ್ಲವನ್ನೂ ಬದಿಗಿಟ್ಟು ಆ ಪಟ್ಟಿ ಹಿಡಿದು ಹಾಜರಿ ಕೂಗಿದ. ಮೊದಲು ಹುಡುಗರು, ಆಮೇಲೆ ಹುಡುಗಿಯರು, ಆಗಿನ ಕ್ರಮದಲ್ಲೇ. ಇದ್ದವರು "ಎಸ್ ಸಾರ್" ಎಂದರು. ಇಲ್ಲದವರ ಹೆಸರು ಬಂದಾಗ ಅವರ ಊರಿನವರೋ ಪಕ್ಕದ ಊರಿನವರೋ ಎದ್ದು ಉತ್ತರ ಹೇಳಬೇಕು ಎಂದು ಮೊದಲೇ ಹೇಳಿದ್ದ. ಒಬ್ಬ ಹೊಸೂರಿನಲ್ಲಿ ಲೇತ್ ಮೆಷಿನ್ನಿನ ಕೆಲಸದಲ್ಲಿದ್ದಾನೆ. ಒಬ್ಬ ಲಾರಿ ಓಡಿಸುತ್ತಾನೆ, ಈಗ ಗುಜರಾತಿನ ದಾರಿಯಲ್ಲಿರಬೇಕು. ಒಬ್ಬ ತೀರಿಕೊಂಡು ಹತ್ತು ವರ್ಷವಾಯಿತು. ಅವನ ಮಗ ಬಂದಿದ್ದಾನೆ, ಹಿಂದೆ ಕುಳಿತಿದ್ದಾನೆ. ಹುಡುಗಿಯರ ಸರದಿ ಬಂದಾಗ ಸಭೆ ಮೌನವಾಗುತ್ತಾ ಹೋಯಿತು. "ಮದುವೆಯಾಯ್ತು" ಎಂಬ ಒಂದೇ ಉತ್ತರ ಮತ್ತೆ ಮತ್ತೆ ಬಂತು. ಯಾವ ಊರಿಗೆ, ಈಗ ಹೇಗಿದ್ದಾಳೆ ಎಂದರೆ ಹೇಳುವವರಿರಲಿಲ್ಲ. ಜೊತೆಯಲ್ಲಿ ಕಲಿತವರ ಪೈಕಿ ನಮಗೆ ಈಗಿನ ಊರಿನ ಹೆಸರೂ ಗೊತ್ತಿಲ್ಲದವರೆಲ್ಲ ಹೆಣ್ಣುಮಕ್ಕಳೇ ಆಗಿದ್ದರು.

ಒಬ್ಬ ಹುಡುಗನ ಹೆಸರು ಬಂದಾಗ ಎಂಬತ್ತು ದಾಟಿದ ಲೆಕ್ಕದ ಮೇಷ್ಟ್ರು ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ಕೇಳಿದರು: "ಅವನು ಯಾಕಪ್ಪಾ ಬಿಟ್ಟ? ಲೆಕ್ಕದಲ್ಲಿ ನಿಮ್ಮೆಲ್ಲರಿಗಿಂತ ಚುರುಕಾಗಿದ್ದ." ಅವನ ತಂದೆ ತೀರಿಕೊಂಡಿದ್ದರು, ಒಂಬತ್ತನೇ ಕ್ಲಾಸಿನ ಮಧ್ಯದಲ್ಲೇ ಹೆಂಚಿನ ಕಾರ್ಖಾನೆಗೆ ಸೇರಿದ್ದ. ಲಕ್ಕೂರಿನವನು ಹುಡುಕಿ ಹೋಗಿ ಕರೆದಾಗ, "ನಾನು ಪಾಸಾದೋನಲ್ಲ. ನನ್ನ ಯಾಕೆ ಕರೀತೀರಾ" ಎಂದಿದ್ದನಂತೆ. ಮೇಷ್ಟ್ರು ಏನೂ ಮಾತಾಡಲಿಲ್ಲ. ಊಟವಾದ ಮೇಲೆ ಕಾರು ತರಿಸಿ ಅವನ ಮನೆಗೆ ತಾವೇ ಹೋದರು, ನಾವು ನಾಲ್ಕೈದು ಜನ ಹಿಂದೆ ಹೋದೆವು. ಅವನು ಗಾಬರಿಯಾಗಿ ಚಾಪೆ ಹಾಸಿದ. ಮೇಷ್ಟ್ರು ಕುಳಿತು, "ಲೆಕ್ಕ ಮರೆತಿಲ್ಲ ತಾನೇ?" ಎಂದರು. "ಒಂದು ಚದರಕ್ಕೆ ನೂರೈವತ್ತು ಹೆಂಚು ಸಾರ್. ಯಾವ ಅಳತೆ ಹೇಳಿದ್ರೂ ಬಾಯಲ್ಲೇ ಹೇಳ್ತೀನಿ" ಎಂದ. ಮೇಷ್ಟ್ರು ಉದ್ದ ಅಗಲ ಕೊಟ್ಟರು, ಇಳಿಜಾರು ಕೊಟ್ಟರು. ಅವನು ಹೇಳುತ್ತಾ ಹೋದ. ಅವರಿಬ್ಬರೂ ಬಹಳ ಹೊತ್ತು ಹಾಗೆ ಲೆಕ್ಕ ಮಾಡಿದರು. ನಾನು ಕಂಡ ಗುರುವಂದನೆಗಳಲ್ಲಿ ಅದೇ ದೊಡ್ಡದು.

ಅಲ್ಲಿಂದ ಬಂದ ಮೇಲೆ ನಾನು ಮುಳಬಾಗಿಲಿಗೆ ಹೋಗಿ ಅದೇ ಕೆಲಸ ಶುರುಮಾಡಿದೆ. ನಂಗಲಿಯವನು ಜೊತೆಯಾದ. ಹಾಲಿನ ಡೈರಿಗಳೇ ನಮಗೆ ದಾರಿ ತೋರಿಸಿದವು. ನಮ್ಮ ಜಿಲ್ಲೆಯಲ್ಲಿ ಬೆಳಿಗ್ಗೆ ಆರಕ್ಕೆ ಊರ ಡೈರಿಯ ಮುಂದೆ ನಿಂತರೆ ಎಲ್ಲ ಮನೆಯ ವಿಚಾರವೂ ಅಲ್ಲೇ ಸಿಗುತ್ತದೆ. ಹಾಗೆ ನಿಂತಾಗಲೇ ಒಂಬತ್ತನೇ ಕ್ಲಾಸಿನಲ್ಲಿ ನಮಗಿಂತ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಯ ಅಣ್ಣ ಸಿಕ್ಕಿದರು. ಅವಳನ್ನು ಬೈರಕೂರು ಕಡೆ ಕೊಟ್ಟಿದ್ದರು. ಫೋನು ಹಚ್ಚಿ ಕೊಟ್ಟರು. ಹೆಸರು ಹೇಳಿದೆ.

"ಅಯ್ಯೋ, ಕಾಗೆ ಕಾಲು ಗುಬ್ಬಿ ಕಾಲು ಬರೀತಿದ್ದೋನಲ್ವಾ ನೀನು?" ಎಂದಳು.

ಅವಳ ಊರಿನಿಂದ ಶಾಲೆಗೆ ನಾಲ್ಕು ಮೈಲಿ. ಬಸ್ಸಿರಲಿಲ್ಲ. ದೊಡ್ಡವಳಾದ ಮೇಲೆ ಒಬ್ಬಳನ್ನೇ ಆ ದಾರಿಯಲ್ಲಿ ಕಳಿಸುವುದು ಬೇಡ ಎಂದು ಮನೆಯಲ್ಲಿ ನಿಲ್ಲಿಸಿದರು. ಕಾರಣ ಅಷ್ಟೇ. ಓದು ಹತ್ತದವಳಲ್ಲ, ಬೇಡ ಎಂದವಳಲ್ಲ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತಲ್ಲ, ಅದರ ಮರುವರ್ಷ ಅವಳ ಮಗಳಿಗೆ ಸೈಕಲ್ ಸಿಕ್ಕಿತಂತೆ. ಆ ಹೊತ್ತಿಗೆ ಹೈಸ್ಕೂಲಿನಲ್ಲಿ ಮಧ್ಯಾಹ್ನದ ಊಟವೂ ಬಂದಿತ್ತು. ಮಗಳು ಹತ್ತು ಮುಗಿಸಿದಳು, ಪಿಯುಸಿ ಮುಗಿಸಿದಳು. "ನನಗೂ ಒಂದು ಸೈಕಲ್ ಇದ್ದಿದ್ರೆ ನಿಮ್ಮ ಫೋಟೋದಾಗ ನಾನೂ ಇರ್ತಿದ್ದೆ" ಎಂದಳು. ಸರ್ಕಾರದ ಯೋಜನೆಗಳ ಲಾಭ ನಷ್ಟದ ಬಗ್ಗೆ ಎಷ್ಟೋ ವರದಿ ಓದಿದ್ದೇನೆ. ಒಂದು ಸೈಕಲ್ಲಿನ ಬೆಲೆಯನ್ನು ಯಾರೂ ನನಗೆ ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಮುಳಬಾಗಿಲಿನ ನಮ್ಮ ಸಭೆಯಲ್ಲಿ ಎಲ್ಲರ ಬಾಯಲ್ಲೂ ಆವಣಿಯ ಪ್ರವಾಸವೇ. ಬಾಡಿಗೆ ಸೈಕಲ್ ಹಿಡಿದು ಒಂದು ಭಾನುವಾರ ಒಂಬತ್ತನೇ ಕ್ಲಾಸಿನ ಹುಡುಗರೆಲ್ಲ ಆವಣಿಗೆ ಹೋಗಿದ್ದೆವು. ಸೀತಮ್ಮ ಲವಕುಶರನ್ನು ಹೆತ್ತ ಬೆಟ್ಟವೆಂದು ಜನ ನಂಬುವ ಜಾಗ. ಕೆಳಗೆ ನೊಳಂಬರ ಕಾಲದ ರಾಮಲಿಂಗೇಶ್ವರನ ಗುಡಿಗಳು. ಬೆಟ್ಟ ಹತ್ತಿದ್ದು, ಕಡ್ಲೆಕಾಯಿ ಹೊಲದವರಿಂದ ಬೈಸಿಕೊಂಡದ್ದು, ವಾಪಸು ಬರುವಾಗ ದಾರಿಯ ಹಳ್ಳಿಯೊಂದರಲ್ಲಿ ಟೀ ಕುಡಿದದ್ದು, ಒಬ್ಬೊಬ್ಬರು ಒಂದೊಂದು ತುಣುಕು ಜೋಡಿಸಿದರು. ಹಾಸ್ಟೆಲಿನಲ್ಲಿದ್ದು ಓದಿದ ಗೆಳೆಯ ಅಲ್ಲಿಯವರೆಗೂ ಸುಮ್ಮನೆ ಕೇಳುತ್ತಿದ್ದ.

"ನಾನು ಟೀ ಕುಡೀಲಿಲ್ಲ, ನೆನಪೈತಾ?" ಎಂದ.

ಯಾರಿಗೋ ನೆನಪಿತ್ತು. ಬಾಯಾರಿಕೆ ಇಲ್ಲ ಎಂದು ಹುಣಿಸೇಮರದ ಕೆಳಗೆ ಸೈಕಲ್ಲುಗಳನ್ನು ಕಾಯುತ್ತಾ ನಿಂತಿದ್ದ.

"ಆ ಊರಲ್ಲಿ ನಮ್ಮ ಚಿಕ್ಕಮ್ಮನ ಮನೆ. ನಮ್ಮನ್ನ ಎಲ್ಲರೂ ಬಲ್ಲರು. ನಮ್ಮೋರ ಲೋಟ ಬೇರೆ, ಚಪ್ಪರದ ಗಳುವಿಗೆ ಸಿಕ್ಕಿಸಿರ್ತಿದ್ರು. ನಾವೇ ತಗೊಂಡು ನಾವೇ ತೊಳೆದಿಡಬೇಕು. ನಿಮ್ಮ ಮುಂದೆ ಅದನ್ನ ಇಳಿಸ್ಕೊಳ್ಳೋದು ಬೇಡ ಅನ್ನಿಸ್ತು."

ನಲವತ್ತು ವರ್ಷ ನಾವೆಲ್ಲ ಹಂಚಿಕೊಂಡು ಬಂದ ಒಂದು ಸುಖದ ದಿನದೊಳಗೆ ಆ ಲೋಟವೂ ತೂಗುತ್ತಿತ್ತು. ಒಬ್ಬೊಬ್ಬರೇ ನೆನೆದುಕೊಂಡಿದ್ದರೆ ಅದು ಎಂದೂ ಹೊರಗೆ ಬರುತ್ತಿರಲಿಲ್ಲ. ಹಳೆಯ ಸಹಪಾಠಿಗಳು ಸೇರಬೇಕಾದದ್ದು ಇದಕ್ಕೆ ಎಂದು ನಾನು ನಂಬುತ್ತೇನೆ. ನಾವು ನಕ್ಕ ದಿನ ಪ್ರತಿಯೊಬ್ಬರಿಗೂ ಹೇಗೆ ಕಳೆಯಿತು ಎಂಬುದು ಎಲ್ಲರೂ ಸೇರಿದಾಗಲೇ ಗೊತ್ತಾಗುತ್ತದೆ. ಅವನು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಕಾಲೇಜಿಗೆ ಬಂದ ಮೇಲೆ ದಲಿತ ಸಂಘರ್ಷ ಸಮಿತಿಯ ಹಾಡಿನ ತಂಡ ಸೇರಿ ಜಿಲ್ಲೆಯ ಹಳ್ಳಿ ಹಳ್ಳಿ ತಿರುಗಿದವನು ಅವನು. ಆ ಹೊತ್ತಿನ ಸಿಟ್ಟನ್ನೆಲ್ಲ ಹಾಡಿ ಮುಗಿಸಿದ್ದೇನೆ ಎಂದ. ಆ ಟೀ ಅಂಗಡಿ ಈಗ ಇಲ್ಲ. ಅವನ ತಮ್ಮನೇ ಅದೇ ರಸ್ತೆಯಲ್ಲಿ ಹೋಟೆಲು ಇಟ್ಟಿದ್ದಾನೆ. ಆ ಸಂಜೆ ಎಲ್ಲರೂ ಅಲ್ಲಿಗೆ ಹೋಗಿ ಮುಳಬಾಗಿಲು ದೋಸೆ ತಿಂದೆವು.

ಮುಳಬಾಗಿಲಿನಲ್ಲಿ ಫೇಲಾದವರಿಗೆ ಮೇಷ್ಟ್ರುಗಳು ಹೇಳುತ್ತಿದ್ದ ಸಮಾಧಾನವೊಂದಿತ್ತು: ಡಿ.ವಿ.ಜಿ. ಮೆಟ್ರಿಕ್ಯುಲೇಷನ್ ಪಾಸು ಮಾಡಲಿಲ್ಲ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರಿಗೆ ಮೈಸೂರು ವಿಶ್ವವಿದ್ಯಾನಿಲಯ ಮುಂದೆ ತಾನಾಗಿ ಗೌರವ ಡಾಕ್ಟರೇಟ್ ಕೊಟ್ಟಿತು. ಆದರೆ ನನಗೆ ಅವರ ಇನ್ನೊಂದು ಗುಣ ದೊಡ್ಡದಾಗಿ ಕಾಣುತ್ತದೆ. 'ಜ್ಞಾಪಕ ಚಿತ್ರಶಾಲೆ' ಬರೆಯುವಾಗ ಅವರು ದಿವಾನರಿಗೆ ಒಂದು ಸಂಪುಟ ಕೊಟ್ಟಂತೆ 'ಹೃದಯ ಸಂಪನ್ನರು' ಎಂದು ಹೆಸರಿಟ್ಟು ಸಾಮಾನ್ಯರಿಗೂ ಒಂದು ಸಂಪುಟ ಕೊಟ್ಟರು. ತಾವು ಬಲ್ಲ ಜನರನ್ನು ಹುದ್ದೆ ನೋಡಿ ನೆನೆಯಲಿಲ್ಲ. ಸಹಪಾಠಿಗಳ ಪಟ್ಟಿ ಮಾಡಲು ಹೊರಡುವವರಿಗೆ ಮುಳಬಾಗಿಲು ಕೊಟ್ಟ ಮೇಲ್ಪಂಕ್ತಿ ಇದು.

ಶ್ರೀನಿವಾಸಪುರದ ವಿಚಾರ ಚಿಕ್ಕದು. ನಮ್ಮ ರಿಸಲ್ಟು ಬಂದಾಗ ಮಾವಿನ ಕಾಲ. ನೋಟಿಸ್ ಬೋರ್ಡಿನಲ್ಲಿ ನಂಬರು ಕಾಣದವರು ಅಲ್ಲಿಂದ ನೇರವಾಗಿ ಮಂಡಿಗೆ ಹೋದರು. ಅಲ್ಲಿ ಪೆಟ್ಟಿಗೆಗೆ ಹುಲ್ಲು ಹಾಸಿ ಬಾದಾಮಿ, ರಸಪುರಿ ಜೋಡಿಸುವ ಕೆಲಸ ಕೈಬೀಸಿ ಕರೆಯುತ್ತಿತ್ತು. ಇಂಗ್ಲಿಷು, ಲೆಕ್ಕ ಎರಡರಲ್ಲೇ ಹೆಚ್ಚು ಜನ ಗೋತಾ ಹೊಡೆದದ್ದು. ಅಕ್ಟೋಬರಿಗೆ ಮತ್ತೆ ಕಟ್ಟು ಎಂದು ಹೇಳುವವರು ಅವರ ಮನೆಗಳಲ್ಲಿ ಇರಲಿಲ್ಲ. ರೋಣೂರಿನವನನ್ನು ಹುಡುಕುವುದು ಮಾತ್ರ ಸುಲಭವಾಯಿತು. ಅವನು ಅದೇ ಮಂಡಿಯಲ್ಲಿ, ಈಗ ತನ್ನದೇ ತಕ್ಕಡಿಯ ಹಿಂದೆ ಕುಳಿತಿದ್ದ. ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳು ತೋತಾಪುರಿಗೆ ದರ ಬೀಳಿಸಿದ ವರ್ಷ ಅದು. ಹಳೆಯ ನೆನಪು ಮಾತಾಡಲು ಹೋದ ನಮಗೆ ಒಂದು ಗಂಟೆ ಮಾವಿನ ದರದ ಕಷ್ಟವನ್ನೇ ಹೇಳಿದ. ಅದೂ ಸರಿಯೇ. ಸ್ನೇಹಿತನಿಗಲ್ಲದೆ ಇನ್ನಾರಿಗೆ ಹೇಳಬೇಕು?

ಈ ಸಭೆಗಳಲ್ಲಿ ನನಗೆ ಒಪ್ಪಿಗೆಯಾಗದ ಮಾತೊಂದಿದೆ. ಮೈಕು ಹಿಡಿದವರಲ್ಲಿ ಹಲವರು, "ಸಾರ್, ನೀವು ಅವತ್ತು ಬೆತ್ತ ಮುರಿಯೋ ಹಾಗೆ ಹೊಡೆದಿದ್ದಕ್ಕೇ ನಾವು ಇವತ್ತು ಈ ಸ್ಥಿತಿಗೆ ಬಂದ್ವಿ" ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಆ ಬೆತ್ತಕ್ಕೆ ಹೆದರಿ ಶಾಲೆ ಬಿಟ್ಟವನು ಆ ಸಭೆಯಲ್ಲಿ ಇಲ್ಲ. ಅವನು ಎದ್ದು ಇಲ್ಲ ಎನ್ನುವುದಕ್ಕಾಗುವುದಿಲ್ಲ. ನಮ್ಮ ಮೇಷ್ಟ್ರುಗಳಲ್ಲಿ ಸಂಬಳದಿಂದ ಪರೀಕ್ಷೆ ಫೀಸು ಕಟ್ಟಿದವರಿದ್ದರು, ರಾತ್ರಿ ಲಾಟೀನು ಹಚ್ಚಿಕೊಂಡು ಪಾಠ ಹೇಳಿದವರಿದ್ದರು. ಕೃತಜ್ಞತೆ ಹೇಳಬೇಕಾದದ್ದು ಅದಕ್ಕೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳ ಮೇಲೆ ಕೈ ಮಾಡುವುದನ್ನು ನಿಷೇಧಿಸಿತು. ಸಭೆಯಲ್ಲಿ ಕುಳಿತ ಇಂದಿನ ಮಕ್ಕಳ ಮುಂದೆ ಬೆತ್ತವನ್ನು ಹೊಗಳುವುದು ಬಿಡಬೇಕು.

ಇನ್ನು ಫೋಟೋ. ಮೂರೂ ಊರಿನ ಗೆಳೆಯರು ತಂತಮ್ಮ ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ ತಂದಿದ್ದರು. ಯಾವ ಫೋಟೋದಲ್ಲೂ ಹಲ್ಲು ಬಿಟ್ಟು ನಕ್ಕವರು ಕಡಿಮೆ. ಕಾಲ ಹಾಗಿತ್ತು, ಕ್ಯಾಮೆರಾಕ್ಕೆ ಹೆದರುತ್ತಿದ್ದೆವು ಎಂದು ಒಬ್ಬರು ಹೇಳಿದರು. ಅದಷ್ಟೇ ಅಲ್ಲ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಮಕ್ಕಳ ಹಲ್ಲು ಮೂಡುವಾಗಲೇ ಕಲೆಗಟ್ಟುತ್ತದೆ. ಕಂದು ಗೆರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆ ಊರುಗಳ ಮಕ್ಕಳು ತುಟಿ ಮುಚ್ಚಿ ನಗುವುದನ್ನು ಬೇಗ ಕಲಿಯುತ್ತಿದ್ದರು. ಹದಿನಾರರ ಹುಡುಗಿಯರು ಬಾಯಿಗೆ ಸೆರಗೋ ಕೈಯೋ ಅಡ್ಡ ಹಿಡಿಯುತ್ತಿದ್ದದ್ದು ನಾಚಿಕೆಯಿಂದ ಮಾತ್ರವಲ್ಲ. ಮಳೆ ಕಡಿಮೆ, ವರ್ಷವಿಡೀ ಹರಿಯುವ ನದಿ ಇಲ್ಲ, ಕೆರೆ ಒಣಗಿದಂತೆಲ್ಲ ಬೋರು ಆಳಕ್ಕೆ ಹೋಯಿತು. ನಮ್ಮ ಕ್ಲಾಸಿನ ಮುಖಗಳ ಮೇಲೆ ಜಿಲ್ಲೆಯ ನೀರಿನ ಚರಿತ್ರೆಯೇ ಇದೆ.

ಕೊನೆಗೊಮ್ಮೆ ಮೂರೂ ಕಡೆಯವರು ಕೋಲಾರದಲ್ಲಿ ಸೇರಿದೆವು. ಮೂರು ಊರಿಗೂ ಅದು ನಡುವಿನ ಜಾಗ. ನಮ್ಮಲ್ಲಿ ಬಹಳ ಜನ ಪಿಯುಸಿಗೆ ಬಂದು ಸೇರಿದ್ದೂ ಅಲ್ಲೇ. ಅಂತರಗಂಗೆಯ ಮೆಟ್ಟಿಲು ಹತ್ತಿ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರು ಕುಡಿದು, ಹಾಸ್ಟೆಲಿನ ಗೆಳೆಯ ಕರೆದನೆಂದು ಮೇಲಿನ ತೇರಹಳ್ಳಿಗೆ ಹೋದೆವು. ಕೋಟಿಗಾನಹಳ್ಳಿ ರಾಮಯ್ಯನವರು ಸಂಗಾತಿಗಳೊಡನೆ ಕಟ್ಟಿದ 'ಆದಿಮ' ಇರುವುದು ಅಲ್ಲಿ. ಅಲ್ಲಿ ಅವನು ಹಾಡಿದ. ಬೈರಕೂರಿನಿಂದ ಬಂದಿದ್ದ ಗೆಳತಿ ತನ್ನ ತಾಯಿ ಹುಳುಮನೆಯಲ್ಲಿ ನಿದ್ದೆ ತಡೆಯಲು ಹೇಳುತ್ತಿದ್ದ ತೆಲುಗು ಪದ ಹಾಡಿದಳು. ಮೇಲಿಂದ ನೋಡಿದರೆ ದೂರದಲ್ಲಿ ಕೆರೆಗಳು ತುಂಬಿ ಕಾಣುತ್ತಿದ್ದವು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಮೂರನೇ ಹಂತವೂ ಬೇಕು ಎಂದು ಜಿಲ್ಲೆಯ ರೈತರು ಕೇಳುತ್ತಲೇ ಇದ್ದಾರೆ. ಅದರ ಬಗ್ಗೆ ಗೆಳೆಯರಲ್ಲಿ ಜೋರು ವಾದವಾಯಿತು. ಒಂಬತ್ತನೇ ಕ್ಲಾಸಿನಲ್ಲಿ ಹೇಗೆ ಬಡಿದಾಡುತ್ತಿದ್ದರೋ ಹಾಗೆಯೇ.

ನಿಮ್ಮ ಬ್ಯಾಚಿನವರೂ ಸೇರುವ ಯೋಚನೆಯಲ್ಲಿದ್ದರೆ ಒಂದು ಕೆಲಸ ಮಾಡಿ. ಫೋನಿನಲ್ಲಿರುವ ನಂಬರುಗಳಿಂದ ಶುರುಮಾಡಬೇಡಿ. ನೀವು ಓದಿದ ಶಾಲೆಯ ಮುಖ್ಯೋಪಾಧ್ಯಾಯರಿಗೆ ಒಂದು ಅರ್ಜಿ ಬರೆದು, ಅವರು ಒಪ್ಪಿದರೆ ಅವರ ಎದುರಿಗೇ ಕುಳಿತು, ಎಂಟನೇ ಕ್ಲಾಸಿಗೆ ಸೇರಿದವರ ಹೆಸರು ಮಾತ್ರ ಬರೆದುಕೊಳ್ಳಿ. ಜಾತಿ, ಜನ್ಮದಿನಾಂಕ ಯಾವುದೂ ಬೇಡ, ಹೆಸರು ಊರು ಸಾಕು. ಊರಿಗೊಬ್ಬರು ಜವಾಬ್ದಾರಿ ತೆಗೆದುಕೊಳ್ಳಿ. ಹೆಣ್ಣುಮಕ್ಕಳನ್ನು ಹುಡುಕಲು ಹೆಣ್ಣುಮಕ್ಕಳನ್ನೇ ಕೇಳಿಕೊಳ್ಳಿ. ಚಂದಾ ಕೊಡಲಾಗದವರಿದ್ದಾರೆಂದು ನೆನಪಿಟ್ಟು ಚಂದಾ ಎತ್ತಿ. ಬರಲು ಒಪ್ಪದವರ ಮನೆಗೆ ನೀವೇ ಹೋಗಿ ಬನ್ನಿ. ಹಳೆಯ ದಾಖಲಾತಿ ಪುಸ್ತಕಗಳ ಹಾಳೆಗಳು ಪುಡಿಯಾಗುತ್ತಿವೆ, ಆ ಊರುಗಳಲ್ಲಿ ಹೆಸರು ಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಈ ವರ್ಷವೇ ಹೋಗಿ.